ಹನ್ನೆರಡು ಪುಟದ ಪತ್ರಕ್ಕೆ ಉತ್ತರ ಬರಲಿಲ್ಲ

1992ರ ಮಾರ್ಚ್ ತಿಂಗಳು. ಕಲ್ಕತ್ತೆಯ ನರ್ಸಿಂಗ್ ಹೋಮೊಂದರಲ್ಲಿ ಆರಡಿಗೂ ಮಿಕ್ಕಿದ ಎತ್ತರದ ವ್ಯಕ್ತಿಯೊಬ್ಬರು ಹಾಸಿಗೆ ಹಿಡಿದು ಮಲಗಿದ್ದರು. ಹೃದಯದ ಕಾಯಿಲೆ ಅವರನ್ನು ಹಣ್ಣು ಮಾಡಿತ್ತು. ಅಮೆರಿಕದಿಂದ ಬಂದವರು ಆಸ್ಕರ್ ಪ್ರತಿಮೆಯನ್ನು ಅವರ ಕೈಗಿತ್ತು, ಅವರಾಡಿದ ನಾಲ್ಕು ಮಾತುಗಳನ್ನು ಚಿತ್ರೀಕರಿಸಿಕೊಂಡು ಹೋದರು. ಮಾರ್ಚ್ 30ರಂದು ಲಾಸ್ ಏಂಜಲೀಸ್‌ನ ಸಮಾರಂಭದಲ್ಲಿ ನಟಿ ಆಡ್ರಿ ಹೆಪ್‌ಬರ್ನ್ ಅವರ ಹೆಸರು ಘೋಷಿಸಿದ ಮೇಲೆ ಆ ಚಿತ್ರವನ್ನು ತೋರಿಸಲಾಯಿತು. ಸಭೆಯಲ್ಲಿ ಕೂತಿದ್ದವರು ಜಗತ್ತಿನ ಹೆಸರಾಂತ ನಟ ನಟಿಯರು, ನಿರ್ದೇಶಕರು. ಮಾತಾಡುತ್ತಿದ್ದವರು ಸತ್ಯಜಿತ್ ರೇ.

ಇಂಥ ಹೊತ್ತಿನಲ್ಲಿ ಕಲೆ, ಸಂಸ್ಕೃತಿ, ಮಾನವತೆ ಎಂದೆಲ್ಲ ದೊಡ್ಡ ಮಾತುಗಳನ್ನಾಡುವುದು ವಾಡಿಕೆ. ರೇ ಹೇಳಿದ್ದೇ ಬೇರೆ. ಹುಡುಗನಾಗಿದ್ದಾಗ ತನಗೆ ವಿಪರೀತ ಸಿನಿಮಾ ಹುಚ್ಚಿತ್ತು. ಹಾಲಿವುಡ್ಡಿನ ಗಾಯಕಿ-ನಟಿ ಡಿಯಾನಾ ಡರ್ಬಿನ್‌ಗೆ ಅಭಿಮಾನಿ ಪತ್ರ ಬರೆದೆ, ಉತ್ತರ ಬಂತು, ಖುಷಿಯಾಯಿತು. ಜಿಂಜರ್ ರೋಜರ್ಸ್‌ಗೆ ಬರೆದೆ, ಉತ್ತರ ಬರಲಿಲ್ಲ. ಸಿನಿಮಾ ಒಂದು ಕಲೆ ಎಂದು ಅರಿವಾದ ಮೇಲೆ ‘ಡಬಲ್ ಇಂಡೆಮ್ನಿಟಿ’ ನೋಡಿ ಅದರ ನಿರ್ದೇಶಕ ಬಿಲ್ಲಿ ವೈಲ್ಡರ್‌ಗೆ ಹನ್ನೆರಡು ಪುಟಗಳ ಪತ್ರ ಬರೆದೆ, ಆತನೂ ಉತ್ತರಿಸಲಿಲ್ಲ ಎಂದರು. ಸಿನಿಮಾದ ಕಸುಬನ್ನೆಲ್ಲ ತಾನು ಕಲಿತದ್ದು ಅಮೆರಿಕದ ಚಿತ್ರಗಳನ್ನು ನೋಡಿಯೇ ಎಂದೂ ಸೇರಿಸಿದರು.

ಹೇಳಿದ್ದು ತಮಾಷೆಯ ಧಾಟಿಯಲ್ಲೇ. ಆದರೆ ಆ ಮೂರು ಪತ್ರಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ, ಒಬ್ಬ ಹುಡುಗನ ಹುಚ್ಚು ಎಲ್ಲಿಂದ ಹೊರಟು ಎಲ್ಲಿಗೆ ಮುಟ್ಟಿತು ಎಂಬುದು ಕಾಣುತ್ತದೆ. ಮೊದಲೆರಡು ಪತ್ರ ತಾರೆಯರಿಗೆ. ಮೂರನೆಯದು ತೆರೆಯ ಮೇಲೆ ಕಾಣಿಸಿಕೊಳ್ಳದ ಮನುಷ್ಯನಿಗೆ.

ಸತ್ಯಜಿತ್ ಹುಟ್ಟಿದ್ದು 1921ರ ಮೇ 2ರಂದು, ಕಲ್ಕತ್ತೆಯಲ್ಲಿ. ಮನೆಯಲ್ಲೇ ಅಚ್ಚುಕೂಟ. ಅಜ್ಜ ಉಪೇಂದ್ರಕಿಶೋರ್ ರಾಯ್ ಹಾಫ್‌ಟೋನ್ ಮುದ್ರಣದಲ್ಲಿ ಸ್ವತಃ ಸಂಶೋಧನೆ ನಡೆಸಿದವರು. ಅವರ ಲೇಖನಗಳು ಇಂಗ್ಲೆಂಡಿನ ಮುದ್ರಣ ಪತ್ರಿಕೆಯಲ್ಲಿ ಅಚ್ಚಾಗುತ್ತಿದ್ದವು. ಹಾಫ್‌ಟೋನ್ ಎಂದರೇನು ಎಂದು ತಿಳಿಯಲು ದೂರ ಹೋಗಬೇಕಿಲ್ಲ. ಮನೆಯಲ್ಲಿರುವ ಯಾವುದೇ ಪತ್ರಿಕೆಯ ಚಿತ್ರವೊಂದರ ಮೇಲೆ ಭೂತಗನ್ನಡಿ ಹಿಡಿದರೆ ಸಾಕು. ಬೂದು ಬಣ್ಣ ಎಂದುಕೊಂಡದ್ದು ಬೂದು ಅಲ್ಲವೇ ಅಲ್ಲ, ಬರೀ ಕಪ್ಪು ಚುಕ್ಕೆಗಳು! ಚುಕ್ಕೆ ದೊಡ್ಡದಾದಲ್ಲಿ ಕಪ್ಪು ಹೆಚ್ಚು, ಚಿಕ್ಕದಾದಲ್ಲಿ ಬಿಳುಪು ಹೆಚ್ಚು. ಅವನ್ನು ಬೆರೆಸಿ ಮುಖವೋ ಮರವೋ ಮಾಡಿಕೊಳ್ಳುವುದು ನಮ್ಮ ಕಣ್ಣು ಮತ್ತು ಮಿದುಳು. ಸಿನಿಮಾದ್ದೂ ಇದೇ ಬಗೆಯ ಕಣ್ಕಟ್ಟು. ಸೆಕೆಂಡಿಗೆ 24 ನಿಶ್ಚಲ ಚಿತ್ರಗಳು ತೆರೆಯ ಮೇಲೆ ಬೀಳುತ್ತವೆ. ಓಡಾಟವನ್ನು ಜೋಡಿಸಿಕೊಳ್ಳುವುದು ನೋಡುವವರ ಮಿದುಳು. ಅಜ್ಜನ ಅಚ್ಚುಕೂಟದಲ್ಲಿ ಸುಳಿದಾಡುತ್ತಿದ್ದ ಮಗುವಿಗೆ ಇದೆಲ್ಲ ಗೊತ್ತಿರಲಿಲ್ಲ, ನಿಜ. ಆದರೆ ಟರ್ಪೆಂಟೈನ್ ವಾಸನೆ ಮೂಗಿಗೆ ಬಡಿದಾಗಲೆಲ್ಲ ಬ್ಲಾಕ್ ಮಾಡುವ ಆ ಕೋಣೆ ಕಣ್ಣೆದುರು ಬರುತ್ತದೆ ಎಂದು ರೇ ತಮ್ಮ ಬಾಲ್ಯದ ನೆನಪುಗಳಲ್ಲಿ ಬರೆದಿದ್ದಾರೆ. ಗೋಡೆಯ ಮೇಲೆ ಚಿತ್ರ ಬೀಳಿಸುವ ಮ್ಯಾಜಿಕ್ ಲ್ಯಾಂಟರ್ನ್ ಒಂದೂ ಅವರ ಆಟಿಕೆಗಳಲ್ಲಿತ್ತು.

ತಂದೆ ಸುಕುಮಾರ್ ರಾಯ್ ಬಂಗಾಳಿ ಮಕ್ಕಳ ಅಚ್ಚುಮೆಚ್ಚಿನ ಕವಿ. ಮಗನಿಗೆ ಎರಡೂವರೆ ವರ್ಷವಾಗುವಷ್ಟರಲ್ಲಿ, 1923ರಲ್ಲಿ, ತೀರಿಕೊಂಡರು. ಕೆಲವೇ ವರ್ಷಗಳಲ್ಲಿ ಅಚ್ಚುಕೂಟವೂ ಕೈಬಿಟ್ಟಿತು. ತಾಯಿ ಸುಪ್ರಭಾ ಮಗನನ್ನು ಕಟ್ಟಿಕೊಂಡು ತಮ್ಮನ ಮನೆ ಸೇರಿದರು, ಶಾಲೆಯೊಂದರಲ್ಲಿ ಕೆಲಸಕ್ಕೆ ನಿಂತರು. ಇಂಥ ಮನೆಯ ಒಬ್ಬನೇ ಮಗ ಸಿನಿಮಾ ಪತ್ರಿಕೆಗಳನ್ನು ಗುಡ್ಡೆ ಹಾಕಿಕೊಂಡು ಕೂತರೆ ತಾಯಿಗೆ ಹೇಗಾಗಬೇಡ? ರೇ ಇದನ್ನು ಮುಚ್ಚಿಟ್ಟಿಲ್ಲ. ಓದನ್ನು ಅಲಕ್ಷಿಸಿ ಹಾಲಿವುಡ್ಡಿನ ಗಾಳಿಸುದ್ದಿಗಳನ್ನು ನುಂಗುತ್ತಿದ್ದೆ ಎಂದು ಒಪ್ಪಿಕೊಂಡಿದ್ದಾರೆ. ಫ್ರೆಡ್ ಅಸ್ಟೇರ್, ಜಿಂಜರ್ ರೋಜರ್ಸ್ ಚಿತ್ರಗಳನ್ನು ಮತ್ತೆ ಮತ್ತೆ ನೋಡುತ್ತಿದ್ದುದು ಅವುಗಳ ಹಾಡಿನ ಧಾಟಿಗಳನ್ನು ಬಾಯಿಪಾಠ ಮಾಡಿಕೊಳ್ಳಲು! ನೋಡಿದ ಚಿತ್ರಗಳ ಪಟ್ಟಿಯನ್ನು ಒಂದು ಪುಸ್ತಕದಲ್ಲಿ ಬರೆದು, ಒಂದೊಂದಕ್ಕೂ ಪರೀಕ್ಷೆಯ ಅಂಕದಂತೆ ನಕ್ಷತ್ರ ಕೊಡುತ್ತಿದ್ದರು. ಬಂಗಾಳಿ ಚಿತ್ರಗಳಿಗಂತೂ ಹುಡುಗ ಮುಖ ತಿರುಗಿಸುತ್ತಿದ್ದ. ಕಾರಣ ಇಷ್ಟೇ: ಒಮ್ಮೆ ಮಾವ ಟಾರ್ಜನ್ ಚಿತ್ರಕ್ಕೆಂದು ಕರೆದೊಯ್ದರು, ಟಿಕೆಟ್ ಸಿಗಲಿಲ್ಲ, ಹುಡುಗನ ಸಪ್ಪೆ ಮುಖ ನೋಡಲಾರದೆ ಹತ್ತಿರದ ಟಾಕೀಸಿನಲ್ಲಿ ಓಡುತ್ತಿದ್ದ ‘ಕಾಲ್ ಪರಿಣಯ್’ ಎಂಬ ಬಂಗಾಳಿ ಚಿತ್ರಕ್ಕೆ ಕೂರಿಸಿದರು. ಟಾರ್ಜನ್ ಬದಲಿಗೆ ಮದುವೆ ಕಥೆ! ಆ ಬೇಸರ ಬಹಳ ವರ್ಷ ಹೋಗಲಿಲ್ಲ.

ಕತ್ತಲಲ್ಲಿ ಗೀಚಿದ ಟಿಪ್ಪಣಿ

ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಮೊದಲು ವಿಜ್ಞಾನ, ಆಮೇಲೆ ಅರ್ಥಶಾಸ್ತ್ರ. ಅರ್ಥಶಾಸ್ತ್ರ ತೆಗೆದುಕೊಂಡದ್ದು ಇಷ್ಟಪಟ್ಟಲ್ಲ. ಕುಟುಂಬದ ಹಿತೈಷಿ, ಸಂಖ್ಯಾಶಾಸ್ತ್ರಜ್ಞ ಪ್ರಶಾಂತಚಂದ್ರ ಮಹಲನೋಬಿಸ್ ಅವರ ಸಲಹೆಯಂತೆ, ಮುಂದೆ ಒಂದು ಕೆಲಸ ಸಿಕ್ಕೀತೆಂದು. ಮನಸ್ಸು ಅದರಲ್ಲಿರಲಿಲ್ಲ. ಈ ವರ್ಷಗಳಲ್ಲೇ ಹುಚ್ಚಿನ ರೂಪ ಬದಲಾಯಿತು. ಯಾರು ನಟಿಸಿದ್ದಾರೆ ಎನ್ನುವುದಕ್ಕಿಂತ ಯಾರು ನಿರ್ದೇಶಿಸಿದ್ದಾರೆ ಎಂದು ನೋಡತೊಡಗಿದರು. ಕ್ಯಾಮೆರಾ ಎಲ್ಲಿಟ್ಟಿದ್ದಾರೆ, ಒಂದು ದೃಶ್ಯವನ್ನು ಎಲ್ಲಿ ಕತ್ತರಿಸಿ ಮುಂದಿನದಕ್ಕೆ ಅಂಟಿಸಿದ್ದಾರೆ ಎಂಬುದನ್ನು ಟಾಕೀಸಿನ ಕತ್ತಲಲ್ಲೇ ಕಾಗದದ ಮೇಲೆ ಗೀಚಿಕೊಳ್ಳುತ್ತಿದ್ದರು. ಬೆಳಕಿಗೆ ಬಂದಾಗ ಆ ಅಕ್ಷರಗಳು ಹೇಗೆ ಕಾಣುತ್ತಿದ್ದವೋ!

1940ರಲ್ಲಿ ತಾಯಿಯ ಒತ್ತಾಸೆಗೆ ಶಾಂತಿನಿಕೇತನಕ್ಕೆ ಚಿತ್ರಕಲೆ ಕಲಿಯಲು ಹೋದರು. ಅಲ್ಲಿ ಟಾಕೀಸಿಲ್ಲ. ಆದರೆ ಗ್ರಂಥಾಲಯದಲ್ಲಿ ಪಾಲ್ ರೋಥಾ, ರುಡಾಲ್ಫ್ ಆರ್ನ್‌ಹೈಮ್ ಮೊದಲಾದವರು ಸಿನಿಮಾ ಕುರಿತು ಬರೆದ ಪುಸ್ತಕಗಳಿದ್ದವು. ಸಿನಿಮಾ ನೋಡಲಾಗದ ಊರಿನಲ್ಲಿ ಸಿನಿಮಾದ ವ್ಯಾಕರಣ ಓದಿಕೊಂಡರು. ಅದೇ ಹೊತ್ತಿನಲ್ಲಿ ಆರ್ಸನ್ ವೆಲ್ಸ್‌ನ ‘ಸಿಟಿಜನ್ ಕೇನ್’ ಕಲ್ಕತ್ತೆಗೆ ಬಂದು ಮೂರೇ ದಿನ ಓಡಿ ಹೋಯಿತು. ಅದು ತಪ್ಪಿಹೋದ ಸಂಕಟವನ್ನು ಅವರು ಮರೆಯಲಿಲ್ಲ.

1943ರಲ್ಲಿ ಬ್ರಿಟಿಷ್ ಜಾಹೀರಾತು ಕಂಪನಿಯೊಂದರಲ್ಲಿ ತಿಂಗಳಿಗೆ 80 ರೂಪಾಯಿ ಸಂಬಳದ ಚಿತ್ರಕಾರನ ಕೆಲಸ ಸಿಕ್ಕಿತು. ಈ ಕಾಲದ ಅವರ ಒಂದು ಹವ್ಯಾಸ ವಿದ್ಯಾರ್ಥಿಗಳಿಗೆ ರುಚಿಸೀತು. ಯಾವುದಾದರೂ ಕಥೆ ಅಥವಾ ಕಾದಂಬರಿ ಸಿನಿಮಾ ಆಗುತ್ತಿದೆ ಎಂದು ಸುದ್ದಿ ಬಂದ ಕೂಡಲೇ, ಆ ಕಥೆಗೆ ತಾವೇ ಚಿತ್ರಕಥೆ ಬರೆದಿಡುತ್ತಿದ್ದರು. ಕೆಲವೊಮ್ಮೆ ಎರಡೆರಡು: ಅವರು ಹೇಗೆ ಮಾಡಬಹುದು ಎಂಬುದೊಂದು, ತಾನಾದರೆ ಹೇಗೆ ಮಾಡುತ್ತೇನೆ ಎಂಬುದಿನ್ನೊಂದು. ಚಿತ್ರ ತೆರೆಕಂಡಾಗ ಹೋಗಿ ಕೂತು ತಾಳೆ ನೋಡುವುದು! ಪುಸ್ತಕದ ಹಿಂದಿನ ಉತ್ತರ ನೋಡದೆ ಲೆಕ್ಕ ಬಿಡಿಸಿ, ಆಮೇಲೆ ಹೋಲಿಸಿಕೊಂಡಂತೆ. ಯಾರೂ ಹೇಳಿಕೊಟ್ಟ ಪಾಠವಲ್ಲ, ಯಾರೂ ತಿದ್ದುವ ಪರೀಕ್ಷೆಯೂ ಅಲ್ಲ. ತಪ್ಪಿದ್ದು ತನ್ನದೋ ನಿರ್ದೇಶಕನದೋ ಎಂದು ತೀರ್ಮಾನಿಸಬೇಕಾದವರೂ ಅವರೇ. ವೈಲ್ಡರ್‌ಗೆ ಬರೆದ ಹನ್ನೆರಡು ಪುಟಗಳು ಇಂಥ ಅಭ್ಯಾಸದ ಕೈಯಿಂದ ಬಂದವು ಎಂಬುದನ್ನು ನೆನೆದರೆ, ಅವು ಬರಿಯ ಹೊಗಳಿಕೆಯ ಪುಟಗಳಾಗಿರಲಾರವು ಎನಿಸುತ್ತದೆ.

1947ರಲ್ಲಿ ಗೆಳೆಯ ಚಿದಾನಂದ ದಾಸಗುಪ್ತ ಮೊದಲಾದವರೊಂದಿಗೆ ಸೇರಿ ಕಲ್ಕತ್ತಾ ಫಿಲ್ಮ್ ಸೊಸೈಟಿ ಕಟ್ಟಿದರು. ಮರುವರ್ಷ ‘ಸ್ಟೇಟ್ಸ್‌ಮನ್’ ಪತ್ರಿಕೆಯಲ್ಲಿ, ಭಾರತದ ಚಿತ್ರಗಳಲ್ಲಿ ತಪ್ಪಿರುವುದೆಲ್ಲಿ ಎಂದು ಕೇಳುವ ಲೇಖನ ಬರೆದರು. ಅದರ ವಾದ ಸ್ವಾರಸ್ಯಕರ. ಹಾಲಿವುಡ್ಡಿನ ಪರಮ ಭಕ್ತ, ಹಾಲಿವುಡ್ಡನ್ನು ಅನುಕರಿಸಬೇಡಿ ಎನ್ನುತ್ತಾನೆ! ಅಲ್ಲಿನ ಬದುಕೇ ಬೇರೆ. ಅಲ್ಲಿನ ಥಳುಕು ನಮ್ಮ ಸ್ಟುಡಿಯೋಗಳ ಕೈಗೆಟುಕುವಂಥದಲ್ಲ. ನಮಗೆ ಬೇಕಾದದ್ದು ಥಳುಕಲ್ಲ, ಕಲ್ಪನೆ ಮತ್ತು ಪ್ರಾಮಾಣಿಕತೆ. ಸಿನಿಮಾದ ಕಚ್ಚಾ ವಸ್ತು ಸುತ್ತಲ ಬದುಕೇ ಎಂಬುದು ತಿರುಳು. ಅಲ್ಲಿಯ ಚಿತ್ರಗಳಿಂದ ಕಲಿಯುವುದು ಬೇರೆ, ಅಲ್ಲಿಯ ಚಿತ್ರಗಳನ್ನು ನಕಲು ಮಾಡುವುದು ಬೇರೆ ಎಂಬ ಗೆರೆಯನ್ನು ಅವರು 27ರ ವಯಸ್ಸಿಗೇ ಎಳೆದುಕೊಂಡಿದ್ದರು.

1950ರಲ್ಲಿ ಕಂಪನಿ ಲಂಡನ್ನಿಗೆ ಕಳಿಸಿತು. ಕೆಲವೇ ತಿಂಗಳುಗಳಲ್ಲಿ ನೂರರ ಹತ್ತಿರ ಚಿತ್ರಗಳನ್ನು ನೋಡಿದರು. ಹೋದ ಹೊಸತರಲ್ಲೇ ನೋಡಿದ್ದು ಇಟಲಿಯ ಡಿ ಸಿಕಾನ ‘ಬೈಸಿಕಲ್ ಥೀವ್ಸ್’. ನಟರಲ್ಲದ ಜನ, ಬಣ್ಣ ಬಳಿದ ಸೆಟ್ಟಿಲ್ಲದ ಬೀದಿ, ಕಳೆದುಹೋದ ಒಂದು ಸೈಕಲ್ಲು. ಇಷ್ಟರಲ್ಲೇ ಚಿತ್ರ ಮಾಡಬಹುದು ಎಂಬ ಧೈರ್ಯ ಅಲ್ಲಿಂದ ಬಂತು. ವಿಭೂತಿಭೂಷಣ ಬಂದ್ಯೋಪಾಧ್ಯಾಯರ ‘ಪಥೇರ್ ಪಾಂಚಾಲಿ’ ಕಾದಂಬರಿ ಮನಸ್ಸಿನಲ್ಲಿ ಮೊದಲೇ ಇತ್ತು. ಅದರ ಮಕ್ಕಳ ಆವೃತ್ತಿಗೆ ಚಿತ್ರ ಬರೆದವರೇ ರೇ. ಊರಿಗೆ ಮರಳುವ ಹಡಗಿನಲ್ಲೇ ಟಿಪ್ಪಣಿ ಶುರುವಾಯಿತು.

ದನ ಮೇಯ್ದ ಹೂವು

ಚಿತ್ರ ನೋಡುವುದಕ್ಕೆ ಟಿಕೆಟ್ಟಿನ ಕಾಸು ಸಾಕು. ಚಿತ್ರ ಮಾಡುವುದಕ್ಕೆ? ಬಾಗಿಲು ತಟ್ಟಿದ ನಿರ್ಮಾಪಕರು ಯಾರೂ ಒಪ್ಪಲಿಲ್ಲ. ರೇ ಆಗ ಮೂವತ್ತು ದಾಟಿದ ಸಂಸಾರವಂದಿಗ. ನೌಕರಿ ಬಿಡಲಿಲ್ಲ, ರಜಾ ದಿನಗಳಲ್ಲಿ ಚಿತ್ರೀಕರಣ. ವಿಮೆಯ ಮೇಲೆ ಸಾಲ ಎತ್ತಿದರು. ಹುಡುಗನಾಗಿದ್ದಾಗಿನಿಂದ ಒಂದೊಂದಾಗಿ ಕೂಡಿಟ್ಟ ಪಾಶ್ಚಾತ್ಯ ಸಂಗೀತದ ರೆಕಾರ್ಡುಗಳನ್ನು ಮಾರಿದರು. ಪತ್ನಿ ವಿಜಯಾ ಅವರ ಒಡವೆಗಳು ಗಿರವಿಗೆ ಹೋದವು. ಕ್ಯಾಮೆರಾ ಹಿಡಿದ ಸುಬ್ರತ ಮಿತ್ರ 21ರ ಯುವಕ, ಅದಕ್ಕೆ ಮುಂಚೆ ಸಿನಿಮಾ ಕ್ಯಾಮೆರಾ ಚಾಲನೆ ಮಾಡಿದವರೇ ಅಲ್ಲ.

1952ರ ಅಕ್ಟೋಬರ್‌ನಲ್ಲಿ ಮೊದಲ ಚಿತ್ರೀಕರಣ. ಅಪು ಮತ್ತು ದುರ್ಗಾ ರೈಲು ನೋಡಲು ಓಡುವ ಬಯಲು. ಶರತ್ಕಾಲದಲ್ಲಿ ಅಲ್ಲಿ ಕಾಶ್ ಎಂಬ ಹುಲ್ಲು ಬೆಳ್ಳಗೆ ಹೂ ಬಿಡುತ್ತದೆ. ಕಬ್ಬಿನ ಹತ್ತಿರದ ಸಂಬಂಧಿ ಅದು. ಒಂದು ದಿನದಲ್ಲಿ ಕೆಲಸ ಅರ್ಧ ಮುಗಿಯಿತು. ಉಳಿದರ್ಧಕ್ಕೆ ಮುಂದಿನ ವಾರ ಹೋಗಿ ನೋಡಿದರೆ ಬಯಲು ಬೋಳು! ನಡುವಿನ ದಿನಗಳಲ್ಲಿ ದನಗಳು ಹೂವನ್ನೆಲ್ಲ ಮೇಯ್ದು ಮುಗಿಸಿದ್ದವು. ಕಬ್ಬಿನ ನೆಂಟನನ್ನು ಬಿಡಲು ದನಗಳಿಗೇನು ಹುಚ್ಚೇ? ಆ ದೃಶ್ಯ ಮುಗಿಸಲು ಮುಂದಿನ ಹಂಗಾಮಿನ ಹೂವಿಗಾಗಿ ಕಾಯಬೇಕಾಯಿತು.

ಹಣ ತೀರಿ ಕೆಲಸ ತಿಂಗಳುಗಟ್ಟಲೆ ನಿಂತದ್ದೂ ಉಂಟು. ಕೊನೆಗೆ ಕೈಹಿಡಿದದ್ದು ಪಶ್ಚಿಮ ಬಂಗಾಳ ಸರ್ಕಾರ. ಚಿತ್ರದ ಹೆಸರಿನಲ್ಲಿ ‘ಪಥ’ ಇದ್ದುದಕ್ಕೋ ಏನೋ, ಆ ಹಣ ಸರ್ಕಾರದ ಲೆಕ್ಕದಲ್ಲಿ ರಸ್ತೆ ಸುಧಾರಣೆಯ ಬಾಬತ್ತಿನಲ್ಲಿ ಬಂತು. ಈ ವಿಳಂಬದಲ್ಲಿ ಮೂರು ಪವಾಡಗಳು ತಮ್ಮನ್ನು ಉಳಿಸಿದವು ಎಂದು ರೇ ಹೇಳುತ್ತಿದ್ದರು: ಅಪುವಿನ ದನಿ ಒಡೆಯಲಿಲ್ಲ, ದುರ್ಗಾ ಬೆಳೆದುಬಿಡಲಿಲ್ಲ, ಮುದುಕಿಯ ಪಾತ್ರದ ಎಂಬತ್ತರ ಆಸುಪಾಸಿನ ಚುನೀಬಾಲಾ ದೇವಿ ಕಣ್ಣು ಮುಚ್ಚಲಿಲ್ಲ. 1955ರ ಆಗಸ್ಟ್‌ನಲ್ಲಿ ಚಿತ್ರ ಕಲ್ಕತ್ತೆಯಲ್ಲಿ ಬಿಡುಗಡೆಯಾಯಿತು. 1956ರಲ್ಲಿ ಕಾನ್ ಚಿತ್ರೋತ್ಸವದ ಪ್ರಶಸ್ತಿ. ನೌಕರಿ ಬಿಟ್ಟದ್ದು ಆಮೇಲೆ.

ಮುಂದಿನ ಚಿತ್ರ ‘ಅಪರಾಜಿತೊ’ದಲ್ಲಿ ಇದೇ ತಂಡ ಮಾಡಿದ ಒಂದು ಉಪಾಯವನ್ನು ಇಲ್ಲಿ ಹೇಳಲೇಬೇಕು. ಕಾಶಿಯ ಹಳೆಯ ಮನೆಗಳಲ್ಲಿ ಸುತ್ತ ಕೋಣೆ, ನಡುವೆ ತೆರೆದ ಅಂಗಳ. ಬೆಳಕು ಮೇಲಿನ ಆಕಾಶದಿಂದ ಮಾತ್ರ ಇಳಿಯುತ್ತದೆ. ನೇರ ಬಿಸಿಲಿಲ್ಲ, ಆದ್ದರಿಂದ ಗಾಢ ನೆರಳೂ ಇಲ್ಲ. ಅಂಥ ಮನೆಯನ್ನು ಬನ್ಸಿ ಚಂದ್ರಗುಪ್ತ ಕಲ್ಕತ್ತೆಯ ಸ್ಟುಡಿಯೋದಲ್ಲಿ ಕಟ್ಟಿದರು. ಆದರೆ ಸ್ಟುಡಿಯೋ ದೀಪಗಳನ್ನು ನೇರವಾಗಿ ಬಿಟ್ಟರೆ ಒಬ್ಬ ಮನುಷ್ಯನಿಗೆ ನಾಲ್ಕು ಕಡೆ ನಾಲ್ಕು ನೆರಳು! ಸುಬ್ರತ ಮಿತ್ರ ಅಂಗಳದ ಮೇಲೆ ಬಿಳಿ ಬಟ್ಟೆ ಬಿಗಿದು, ದೀಪಗಳನ್ನು ಕೆಳಗಿನಿಂದ ಅದರತ್ತ ತಿರುಗಿಸಿದರು. ಕನ್ನಡಿಯಾದರೆ ಬೆಳಕನ್ನು ಒಂದೇ ದಿಕ್ಕಿಗೆ ಮರಳಿಸುತ್ತದೆ. ಒರಟು ಬಟ್ಟೆ ಎಲ್ಲ ದಿಕ್ಕಿಗೂ ಚೆದರಿಸುತ್ತದೆ. ಹೈಸ್ಕೂಲಿನ ಪುಸ್ತಕದಲ್ಲಿ ನಿಯತ ಪ್ರತಿಫಲನ, ಅನಿಯತ ಪ್ರತಿಫಲನ ಎಂದು ಎರಡು ಚಿತ್ರ ಬರೆಸುತ್ತಾರಲ್ಲ, ಅದೇ. ಬಟ್ಟೆ ಕಾಶಿಯ ಆಕಾಶವಾಯಿತು. ಚಿತ್ರ ನೋಡಿದ ಅನುಭವಸ್ಥರಿಗೂ ಅದು ಸೆಟ್ ಎಂದು ತಿಳಿಯುವುದು ಕಷ್ಟ.

ಹೆಸರು ಬಂದ ಮೇಲೆ ರೇ ಜನಪ್ರಿಯವಾದದ್ದನ್ನೆಲ್ಲ ಕೀಳೆಂದು ತಳ್ಳಿದರೆ? ಇಲ್ಲ. ಅಜ್ಜ 1913ರಲ್ಲಿ ಆರಂಭಿಸಿ ಮಧ್ಯೆ ನಿಂತುಹೋಗಿದ್ದ ಮಕ್ಕಳ ಪತ್ರಿಕೆ ‘ಸಂದೇಶ್’ಗೆ 1961ರಲ್ಲಿ ಮರುಜೀವ ಕೊಟ್ಟರು, ಅದಕ್ಕಾಗಿ ಫೆಲೂದಾ ಎಂಬ ಪತ್ತೇದಾರನನ್ನೂ ಪ್ರೊಫೆಸರ್ ಶೊಂಕು ಎಂಬ ವಿಜ್ಞಾನಿಯನ್ನೂ ಸೃಷ್ಟಿಸಿದರು. 1969ರಲ್ಲಿ ಅಜ್ಜನ ಕಥೆಯನ್ನೇ ಹಿಡಿದು ಹಾಡು, ಕುಣಿತ, ದೆವ್ವಗಳ ಸಹಿತ ‘ಗೂಪಿ ಗಾಯೇನ್ ಬಾಘಾ ಬಾಯೇನ್’ ಮಾಡಿದರು. 1976ರಲ್ಲಿ ಪುಸ್ತಕವಾಗಿ ಬಂದ ಅವರ ಸಿನಿಮಾ ಬರಹಗಳಲ್ಲಿ ಚಾಪ್ಲಿನ್ ಇದ್ದಾನೆ, ಕೌಬಾಯ್ ಚಿತ್ರಗಳ ಜಾನ್ ಫೋರ್ಡ್ ಇದ್ದಾನೆ, ಜಪಾನಿನ ಕುರೊಸಾವಾ ಇದ್ದಾನೆ. ಚಿತ್ರವೊಂದಕ್ಕೆ ಕೂರುವ ಮುನ್ನ ಅವರು ತೆಗೆದುಕೊಳ್ಳುತ್ತಿದ್ದುದು ಅಂಗಡಿಯವರು ಲೆಕ್ಕ ಬರೆಯುವ ಕೆಂಪು ಬಟ್ಟೆಯ ರಟ್ಟಿನ ಖಾತೆ ಪುಸ್ತಕ. ಅದರಲ್ಲಿ ದೃಶ್ಯಗಳ ರೇಖಾಚಿತ್ರ, ಉಡುಪಿನ ವಿನ್ಯಾಸ, ಸಂಭಾಷಣೆ ಎಲ್ಲವೂ ಅವರದೇ ಕೈಬರಹ. ನಕ್ಷತ್ರ ಹಾಕುತ್ತಿದ್ದ ಹುಡುಗನ ಪುಸ್ತಕ ದಪ್ಪವಾಗಿತ್ತು, ಅಷ್ಟೆ.

ಕನ್ನಡ ನಾಡಿಗೂ ಈ ಫಿಲ್ಮ್ ಸೊಸೈಟಿಯ ಗಾಳಿ ಬೀಸಿತು. ಬೆಂಗಳೂರಿನಲ್ಲಿ 1971ರಲ್ಲಿ ‘ಸುಚಿತ್ರ’ ಹುಟ್ಟಿತು. ಸಾಗರದ ಬಳಿಯ ಹೆಗ್ಗೋಡಿನಲ್ಲಿ 1973ರಲ್ಲಿ ಕೆ.ವಿ. ಸುಬ್ಬಣ್ಣ ನೀನಾಸಮ್ ಚಿತ್ರಸಮಾಜ ಆರಂಭಿಸಿ, ಅಡಿಕೆ ತೋಟದ ಜನಕ್ಕೆ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ತೋರಿಸಿದರು. 1967ರಲ್ಲಿ ರೇ ಪಡೆದ ಮ್ಯಾಗ್ಸೇಸೆ ಪ್ರಶಸ್ತಿಯೇ 1991ರಲ್ಲಿ ಸುಬ್ಬಣ್ಣನವರಿಗೂ ಬಂತು.

ಇನ್ನು ಆ ಮೂವರು. 1992ರ ಮಾರ್ಚ್ 30ರಂದು ರೇ ತಮ್ಮ ಪತ್ರಗಳ ಕಥೆ ಹೇಳಿದಾಗ ಮೂವರೂ ಬದುಕಿದ್ದರು. ಉತ್ತರ ಬರೆದಿದ್ದ ಡಿಯಾನಾ ಡರ್ಬಿನ್ ಚಿತ್ರರಂಗ ಬಿಟ್ಟು ನಾಲ್ಕು ದಶಕ ದಾಟಿತ್ತು; ಫ್ರಾನ್ಸಿನಲ್ಲಿ ಯಾರ ಕಣ್ಣಿಗೂ ಬೀಳದೆ ಬಾಳುತ್ತಿದ್ದ ಆಕೆ ತೀರಿಕೊಂಡದ್ದು 2013ರಲ್ಲಿ. ಜಿಂಜರ್ ರೋಜರ್ಸ್ 1995ರವರೆಗೆ, ಬಿಲ್ಲಿ ವೈಲ್ಡರ್ 2002ರವರೆಗೆ ಬದುಕಿದರು. ಪತ್ರ ಬರೆದವರು ಮಾತ್ರ ಆಸ್ಕರ್ ಸಮಾರಂಭ ಕಳೆದು 24 ದಿನಕ್ಕೆ, ಏಪ್ರಿಲ್ 23ರಂದು, ಕಲ್ಕತ್ತೆಯಲ್ಲಿ ಕಣ್ಣು ಮುಚ್ಚಿದರು.