ಗಾಳಿಯಿಂದ ನೀರು ಹಿಂಡುವ ಯಂತ್ರ: ಒಂದು ವಿದ್ಯಾರ್ಥಿ ಸ್ಪರ್ಧೆಯ ಫಲ

ಬೇಸಿಗೆಯ ಮುಂಜಾನೆ ತಂಬಿಗೆಯಲ್ಲಿ ತಣ್ಣೀರು ತುಂಬಿ ಜಗಲಿಯ ಮೇಲಿಟ್ಟರೆ ಸ್ವಲ್ಪ ಹೊತ್ತಿನಲ್ಲಿ ಅದರ ಹೊರಮೈ ಬೆವರುವುದನ್ನು ಎಲ್ಲರೂ ಕಂಡಿದ್ದೇವೆ. ಆ ನೀರು ತಂಬಿಗೆಯೊಳಗಿನದಲ್ಲ, ಗಾಳಿಯಲ್ಲಿದ್ದ ಆವಿ ತಣ್ಣಗಾಗಿ ಹನಿಯಾದದ್ದು. ಈ ಸಂಗತಿಯನ್ನೇ ಹಿಡಿದು ಆಸ್ಟ್ರೇಲಿಯದ ಮೆಲ್ಬರ್ನ್ ನಗರದ ಸ್ವಿನ್‌ಬರ್ನ್ ವಿಶ್ವವಿದ್ಯಾನಿಲಯದ ಎಡ್ವರ್ಡ್ ಲಿನೇಕರ್ ಎಂಬ ಯುವಕ ನೀರಾವರಿ ಯಂತ್ರವೊಂದನ್ನು ರೂಪಿಸಿ, 2011ರಲ್ಲಿ ಜೇಮ್ಸ್ ಡೈಸನ್ ಪ್ರಶಸ್ತಿಯನ್ನು ಗೆದ್ದನು.

ವ್ಯಾಕ್ಯೂಮ್ ಕ್ಲೀನರ್ ಯಂತ್ರದಿಂದ ಹೆಸರಾದ ಬ್ರಿಟನ್ನಿನ ಸಂಶೋಧಕ ಜೇಮ್ಸ್ ಡೈಸನ್ನರ ಪ್ರತಿಷ್ಠಾನ ನಡೆಸುವ ಅಂತರರಾಷ್ಟ್ರೀಯ ಸ್ಪರ್ಧೆಯಿದು. ಎಂಜಿನಿಯರಿಂಗ್ ಮತ್ತು ವಿನ್ಯಾಸ ಓದುತ್ತಿರುವವರು ಹಾಗೂ ಇತ್ತೀಚೆಗೆ ಪದವಿ ಪಡೆದವರು ಇದರಲ್ಲಿ ಭಾಗವಹಿಸಬಹುದು. ಭಾರತದ ವಿದ್ಯಾರ್ಥಿಗಳಿಗೂ ಅವಕಾಶವುಂಟು. ಬೇಡುವುದು ಇಷ್ಟೇ: ಒಂದು ನಿಜವಾದ ತೊಂದರೆಯನ್ನು ನೀಗಿಸುವ ಸಾಧನ. ಲಿನೇಕರನಿಗೆ 10,000 ಪೌಂಡ್, ಅವನ ವಿದ್ಯಾಸಂಸ್ಥೆಗೂ ಅಷ್ಟೇ ಹಣ ದೊರೆಯಿತು.

ಅವನು ಆರಿಸಿಕೊಂಡ ತೊಂದರೆ ಬರಗಾಲ. ಮರ್ರೆ-ಡಾರ್ಲಿಂಗ್ ನದಿಗಳ ಬಯಲು ಆಸ್ಟ್ರೇಲಿಯದ ಧಾನ್ಯದ ಕಣಜ. 1990ರ ದಶಕದ ಕೊನೆಯಿಂದ ಹತ್ತು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿ ಬರ ಬಿದ್ದು ರೈತರು ಕಂಗಾಲಾಗಿದ್ದರು. ನಮೀಬ್ ಮರುಭೂಮಿಯ ಒಂದು ಬಗೆಯ ಜೀರುಂಡೆ ಮಂಜಿನ ಹನಿಗಳನ್ನು ಬೆನ್ನ ಮೇಲೆ ಹಿಡಿದು, ಅವು ಬಾಯಿಗೆ ಇಳಿಯುವಂತೆ ಮಾಡಿಕೊಂಡು ಬದುಕುತ್ತದೆ. ಇದೂ ಅವನಿಗೆ ದಾರಿ ತೋರಿಸಿತು.

ಯಂತ್ರದ ರಚನೆ ಸರಳ. ನೆಲದ ಮೇಲಿನ ಗಾಳಿಚಕ್ರ ಬಿಸಿಗಾಳಿಯನ್ನು ಎಳೆದು ಭೂಮಿಯೊಳಗೆ ಹೂತ ಕೊಳವೆಗಳಿಗೆ ತಳ್ಳುತ್ತದೆ. ಗಾಳಿ ಬೀಸದಿದ್ದಾಗ ಬಿಸಿಲಿನ ವಿದ್ಯುತ್ತು ಆ ಕೆಲಸಕ್ಕೆ ಬರುತ್ತದೆ. ಆಳದ ಮಣ್ಣು ತಂಪಾಗಿರುವುದರಿಂದ ಕೊಳವೆಯ ಒಳಮೈಯಲ್ಲಿ ಆವಿ ನೀರಾಗಿ ತೊಟ್ಟಿಗಿಳಿಯುತ್ತದೆ. ಅಲ್ಲಿಂದ ಪಂಪು ಅದನ್ನು ಹನಿ ಕೊಳವೆಗಳ ಮೂಲಕ ನೇರವಾಗಿ ಬೇರಿಗೆ ಒದಗಿಸುತ್ತದೆ.

ಕೇಳಿದೊಡನೆ "ನಮ್ಮ ಹೊಲಕ್ಕೂ ಒಂದು ಬೇಕು" ಎನ್ನಿಸುವುದು ಸಹಜ. ಆದರೆ ಲೆಕ್ಕ ಹಾಕದೆ ಹಣ ಹೂಡಬಾರದು. ಮನೆಯ ಹಿತ್ತಲಲ್ಲಿ ಅವನು ನಿಲ್ಲಿಸಿದ ಚಿಕ್ಕ ಮಾದರಿ ದಿನಕ್ಕೆ ಕೊಟ್ಟದ್ದು ಸುಮಾರು ಒಂದು ಲೀಟರು. ನಮ್ಮ ಬೇಸಿಗೆಯಲ್ಲಿ ಫಲ ಬಿಡುವ ಒಂದು ತೆಂಗಿನ ಮರಕ್ಕೆ ಹನಿ ನೀರಾವರಿಯಲ್ಲೂ ದಿನಕ್ಕೆ ಹತ್ತಾರು ಲೀಟರು ಬೇಕು!

ಇನ್ನೊಂದು ಮುಖ್ಯ ವಿಷಯವಿದೆ. ಆವಿ ಹನಿಯಾಗಬೇಕಾದರೆ ಮಣ್ಣು ಸಾಕಷ್ಟು ತಂಪಾಗಿರಬೇಕು. ವಿಜಯಪುರದ ಕಡೆ ಏಪ್ರಿಲ್ ಮಧ್ಯಾಹ್ನ ಉಷ್ಣತೆ 40 ಡಿಗ್ರಿ ಸೆಂ., ಗಾಳಿಯ ತೇವಾಂಶ ಶೇಕಡ 25 ಇದೆಯೆನ್ನಿ. ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 13 ಗ್ರಾಂ ನೀರೇನೋ ಇರುತ್ತದೆ. ಆದರೆ ಆ ಗಾಳಿಯನ್ನು 16 ಡಿಗ್ರಿಯವರೆಗೆ ತಣಿಸುವ ತನಕ ಒಂದು ಹನಿಯೂ ಬೀಳದು. ಕೆಲವು ಮೀಟರ್ ಆಳದ ಮಣ್ಣಿನ ಉಷ್ಣತೆ ಆಯಾ ಊರಿನ ವರ್ಷದ ಸರಾಸರಿಗೆ ಸಮೀಪವಿರುತ್ತದೆ, ಅಂದರೆ ನಮ್ಮ ಬಯಲುಸೀಮೆಯಲ್ಲಿ 25 ಡಿಗ್ರಿಯ ಆಸುಪಾಸು. ಆದುದರಿಂದ ನೀರು ಅತ್ಯಗತ್ಯವಾಗಿ ಬೇಕಾದ ಹೊತ್ತಿನಲ್ಲೇ ಇಲ್ಲಿ ಕೊಳವೆ ಒಣಗಿರುತ್ತದೆ. ತಂಪು ಮಣ್ಣಿನ ನಾಡಿಗೆ ಹೊಂದುವ ಯಂತ್ರವನ್ನು ಇಲ್ಲಿಗೆ ಹಾಗೆಯೇ ತರಲಾಗದು. ಅದೇ ಖರ್ಚಿನಲ್ಲಿ ಕೃಷಿ ಹೊಂಡ ತೋಡಿಸಿ, ಬುಡಕ್ಕೆ ಹೊದಿಕೆ ಹಾಕುವುದೇ ಲೇಸೆಂದು ನನ್ನ ಅಭಿಪ್ರಾಯ.

ಹಾಗೆಂದು ಆ ಯುವಕನ ಶ್ರಮ ಹುಸಿಯಲ್ಲ. ತೀರ್ಪುಗಾರರು ಮೆಚ್ಚಿದ್ದು ದುಬಾರಿ ಯಂತ್ರವನ್ನಲ್ಲ, ರೈತನ ಕಷ್ಟವನ್ನು ಕಂಡು, ಮಾದರಿ ಕಟ್ಟಿ, ತಪ್ಪು ತಿದ್ದಿ ಮತ್ತೆ ಕಟ್ಟಿದ್ದನ್ನು. ನಮ್ಮಲ್ಲಿ ರಾಯಚೂರಿನ ಕೃಷಿ ಎಂಜಿನಿಯರಿಂಗ್ ಕಾಲೇಜಿನಂಥ ಕಡೆ ಓದುವ ಹುಡುಗ ಹುಡುಗಿಯರಿಗೂ ಇದು ಸಾಧ್ಯ. ಅವರಿಗೆ ಕೊರತೆಯಿರುವುದು ಹೊಲದ ತೊಂದರೆಯ ನೇರ ಪರಿಚಯ. ತೊಗರಿ ಕೊಯ್ಲಿನಲ್ಲಿ ಕೈಗೆ ಆಗುವ ಗಾಯ, ಅಡಿಕೆ ಮರ ಹತ್ತುವವರ ಅಭಾವ, ಶೇಂಗಾ ಬಿಡಿಸಲು ತಗಲುವ ಆಳುಗಳ ಸಂಖ್ಯೆ, ಇಂಥವನ್ನು ಎಕರೆಗೆ ಎಷ್ಟು ಆಳು, ಎಷ್ಟು ಗಂಟೆ ಎಂಬ ಲೆಕ್ಕದೊಡನೆ ಬರೆದಿಟ್ಟುಕೊಳ್ಳಿ. ಕೃಷಿ ಮೇಳಕ್ಕೆ ಬಂದಾಗ ಯಂತ್ರೋಪಕರಣ ವಿಭಾಗದ ಅಧ್ಯಾಪಕರಿಗೆ ಕೊಡಿ. ವಿಸ್ತರಣಾ ಕಾರ್ಯಕರ್ತರು ಹಳ್ಳಿಯ ಸಭೆಗಳಲ್ಲಿಯೂ ಇಂಥ ಪಟ್ಟಿಯನ್ನು ಬರೆಸಿಕೊಳ್ಳಬಹುದು.