ಹನ್ನೊಂದರ ಜರಡಿ

ಇಂಗ್ಲೆಂಡಿನ ಕೆಂಟ್ ಕೌಂಟಿಯಲ್ಲಿ ಸೆಪ್ಟೆಂಬರ್ ಬಂತೆಂದರೆ ಪರೀಕ್ಷೆಯದೇ ಮಾತು. ಬರೆಯುವವರು ಹತ್ತು ವರ್ಷದ ಮಕ್ಕಳು. ಪಾಸಾದರೆ ಗ್ರಾಮರ್ ಶಾಲೆ, ಇಲ್ಲವಾದರೆ ಬೇರೆ ಶಾಲೆ. ‘ಇಲೆವೆನ್ ಪ್ಲಸ್’ ಎಂದು ಕರೆಸಿಕೊಳ್ಳುವ ಈ ಪರೀಕ್ಷೆಯನ್ನು ಇಂಗ್ಲೆಂಡಿನ ಬಹುಭಾಗ ಎಂದೋ ಕೈಬಿಟ್ಟಿದೆ. ಸ್ಕಾಟ್ಲೆಂಡ್, ವೇಲ್ಸ್‌ಗಳಲ್ಲಿ ಸರ್ಕಾರಿ ಶಾಲೆಗೆ ಇಂಥ ಆಯ್ಕೆಯೇ ಇಲ್ಲ. ಆದರೂ ಇಂಗ್ಲೆಂಡಿನಲ್ಲಿ 163 ಗ್ರಾಮರ್ ಶಾಲೆಗಳು ಉಳಿದುಕೊಂಡಿವೆ.

ಇದರ ಬೇರು ಇರುವುದು ಒಂದು ಒಳ್ಳೆಯ ಕಾಯ್ದೆಯಲ್ಲಿ. ಮಹಾಯುದ್ಧ ಇನ್ನೂ ನಡೆಯುತ್ತಿದ್ದಾಗಲೇ, 1944ರಲ್ಲಿ, ಶಿಕ್ಷಣ ಮಂತ್ರಿ ಆರ್.ಎ. ಬಟ್ಲರ್ ಪ್ರೌಢಶಿಕ್ಷಣವನ್ನು ಎಲ್ಲ ಮಕ್ಕಳಿಗೂ ಉಚಿತ ಮಾಡಿದರು. ಸಣ್ಣ ಮಾತಲ್ಲ ಅದು. ಕೆಟ್ಟದ್ದು ಜಾರಿಯಲ್ಲಿ. ಬುದ್ಧಿಯವರಿಗೆ ಗ್ರಾಮರ್ ಶಾಲೆ, ಕೈಕೆಲಸದವರಿಗೆ ಟೆಕ್ನಿಕಲ್ ಶಾಲೆ, ಉಳಿದವರಿಗೆ ಸೆಕೆಂಡರಿ ಮಾಡರ್ನ್ ಎಂದು ಮಕ್ಕಳನ್ನು ಜರಡಿ ಹಿಡಿದರು. ಟೆಕ್ನಿಕಲ್ ಶಾಲೆಗಳು ಹೆಚ್ಚಾಗಿ ಕಾಗದದಲ್ಲೇ ಉಳಿದವು. ಹೆಚ್ಚಿನ ಮಕ್ಕಳು ಹೋಗಿ ಬಿದ್ದದ್ದು ಮೂರನೆಯ ಬಗೆಯ ಶಾಲೆಗೆ. ಅಲ್ಲಿಂದ ಹದಿನೈದಕ್ಕೇ ಯಾವ ಪ್ರಮಾಣಪತ್ರವೂ ಇಲ್ಲದೆ ಹೊರಬಿದ್ದವರು ಅಸಂಖ್ಯ. ಇನ್ನೊಂದು ಸೂಕ್ಷ್ಮವೂ ಇತ್ತು: ಹುಡುಗಿಯರಿಗೆ ಸೀಟು ಕಡಿಮೆಯಿದ್ದ ಕಡೆ, ಹುಡುಗರಿಗಿಂತ ಹೆಚ್ಚು ಅಂಕ ತಂದರೂ ಅವರಿಗೆ ಗ್ರಾಮರ್ ಶಾಲೆ ಸಿಗುತ್ತಿರಲಿಲ್ಲ. ಬುದ್ಧಿ ಅಳೆಯುತ್ತೇವೆಂದು ಹೊರಟವರು ಬೆಂಚು ಎಣಿಸುತ್ತಿದ್ದರು!

1965ರಲ್ಲಿ ಲೇಬರ್ ಮಂತ್ರಿ ಆಂಥನಿ ಕ್ರಾಸ್‌ಲೆಂಡ್, ಎಲ್ಲರೂ ಒಟ್ಟಿಗೆ ಓದುವ ಕಾಂಪ್ರಿಹೆನ್ಸಿವ್ ಶಾಲೆಗಳತ್ತ ಹೊರಳಿರೆಂದು ಸ್ಥಳೀಯ ಆಡಳಿತಗಳಿಗೆ ಸುತ್ತೋಲೆ ಕಳಿಸಿದರು. ಆದೇಶವಲ್ಲ, ಕೋರಿಕೆ. ಕೆಂಟ್‌ನಂಥ ಕಡೆ ಗ್ರಾಮರ್ ಶಾಲೆಗಳು ಉಳಿದುಕೊಂಡದ್ದು ಅದರಿಂದಲೇ. ಶಿಕ್ಷಣ ಮಂತ್ರಿಯಾದ ಮಾರ್ಗರೆಟ್ ಥ್ಯಾಚರ್ 1970ರಲ್ಲಿ ಆ ಸುತ್ತೋಲೆಯನ್ನು ಹಿಂತೆಗೆದುಕೊಂಡರು. ಹಾಗಿದ್ದೂ ಅವರ ಕಾಲದಲ್ಲೇ ಕಾಂಪ್ರಿಹೆನ್ಸಿವ್ ಶಾಲೆಗಳು ಭರದಿಂದ ಹೆಚ್ಚಿದವು.

ಹಾಗಾದರೆ ಪರೀಕ್ಷೆ ಹೋದಲ್ಲಿ ಸಮಾನತೆ ಬಂತೇ? ಬರಲಿಲ್ಲ. ಥ್ಯಾಚರ್ ಪ್ರಧಾನಿಯಾಗಿದ್ದಾಗ ಬಂದ 1988ರ ಕಾಯ್ದೆ ಶಾಲೆ ಆರಿಸುವ ಪಾಲಕರ ಹಕ್ಕನ್ನು ಹಿಗ್ಗಿಸಿತು. 1992ರಿಂದ ಫಲಿತಾಂಶದ ಪಟ್ಟಿಗಳು ಪತ್ರಿಕೆಗಳಲ್ಲಿ ಬರತೊಡಗಿದವು. ಆದರೆ ಅರ್ಜಿ ಹೆಚ್ಚಿದ ಶಾಲೆ ಸಾಮಾನ್ಯವಾಗಿ ಹತ್ತಿರದ ಮನೆಯ ಮಗುವಿಗೇ ಮೊದಲು ಸೀಟು ಕೊಡುತ್ತದೆ. ಒಳ್ಳೆಯ ಶಾಲೆಯ ಸುತ್ತ ಮನೆಗಳ ಬೆಲೆ ಏರಿತು. ಆರಿಸುವ ಹಕ್ಕು ಎಲ್ಲರಿಗೂ ಸಿಕ್ಕಿತು, ಆ ಬೀದಿಯಲ್ಲಿ ಮನೆ ಕೊಳ್ಳುವ ಹಣ ಸಿಗಲಿಲ್ಲ. ಗ್ರಾಮರ್ ಶಾಲೆ ಬೇಕೆನ್ನುವವರು ಬಡವರ ಜಾಣ ಮಗುವನ್ನು ಮುಂದಿಡುತ್ತಾರೆ. ಆ ಶಾಲೆಗಳ ಹಾಜರಿ ಪುಸ್ತಕ ಬೇರೆ ಹೇಳುತ್ತದೆ: ಬಡತನದ ಕಾರಣ ಉಚಿತ ಊಟಕ್ಕೆ ಅರ್ಹರಾದ ಮಕ್ಕಳು ಅಲ್ಲಿ ತೀರ ಕಡಿಮೆ. ಟ್ಯೂಷನ್ ಕೊಡಿಸಬಲ್ಲ ಮನೆಯ ಮಗುವೇ ಮುಂದೆ.

ಇವೆಲ್ಲದರ ಮೇಲೆ ಶುಲ್ಕದ ಶಾಲೆಗಳು. ಅಲ್ಲಿ ಓದುವವರು ಶೇ 7ರ ಆಸುಪಾಸು ಮಾತ್ರ. ಅಧಿಕಾರದಲ್ಲಿ ಅವರ ಪಾಲು ಅದಕ್ಕಿಂತ ಎಷ್ಟೋ ಪಟ್ಟು. ಈಟನ್ ಒಂದೇ 20 ಪ್ರಧಾನಿಗಳನ್ನು ಕೊಟ್ಟಿದೆ. ನಮ್ಮ ನಾರಾಯಣ ಮೂರ್ತಿಯವರ ಅಳಿಯ, ಮಾಜಿ ಪ್ರಧಾನಿ ರಿಷಿ ಸುನಕ್ ಓದಿದ್ದು ಇಂಥದೇ ಶಾಲೆಯಾದ ವಿಂಚೆಸ್ಟರ್‌ನಲ್ಲಿ. 2025ರ ಜನವರಿಯಿಂದ ಲೇಬರ್ ಸರ್ಕಾರ ಈ ಶುಲ್ಕದ ಮೇಲೆ ಶೇ 20 ವ್ಯಾಟ್ ಹಾಕಿದೆ. ನ್ಯಾಯವೇ, ಈಟನ್ ಏನೂ ಖಾಲಿಯಾಗುವುದಿಲ್ಲ.

ಯಾರು ಯಾವ ಶಾಲೆಗೆ ಎಂಬ ಜಗಳದಲ್ಲಿ ಮರೆಯಾದ ಸಂಗತಿ, ಅಂತರ ಹುಟ್ಟುವುದು ಶಾಲೆಗೆ ಸೇರುವ ಮೊದಲು ಎಂಬುದು. ಟೋನಿ ಬ್ಲೇರ್ ಸರ್ಕಾರ ಬಡ ಬಡಾವಣೆಗಳಲ್ಲಿ ಐದು ವರ್ಷದೊಳಗಿನ ಮಕ್ಕಳಿಗೂ ಅವರ ತಂದೆತಾಯಿಗೂ ‘ಶೂರ್ ಸ್ಟಾರ್ಟ್’ ಕೇಂದ್ರಗಳನ್ನು ತೆರೆಯಿತು. ನನ್ನ ಮಟ್ಟಿಗೆ ಈ ಎಂಬತ್ತು ವರ್ಷಗಳ ಅತ್ಯುತ್ತಮ ಯೋಜನೆ ಅದೇ. ಆ ಕೇಂದ್ರಗಳ ಸಮೀಪ ಬೆಳೆದ ಬಡ ಮಕ್ಕಳು ಹದಿನಾರರ ಪರೀಕ್ಷೆಯಲ್ಲಿ ಉತ್ತಮ ಅಂಕ ಪಡೆದರೆಂದು ಇನ್‌ಸ್ಟಿಟ್ಯೂಟ್ ಫಾರ್ ಫಿಸ್ಕಲ್ ಸ್ಟಡೀಸ್ ವರದಿ ಮಾಡಿತು. ವರದಿ ಬಂದದ್ದು 2024ರಲ್ಲಿ. ಅಷ್ಟರಲ್ಲಿ, 2010ರ ನಂತರದ ಅನುದಾನ ಕಡಿತದಿಂದ, ಸಾವಿರಕ್ಕೂ ಹೆಚ್ಚು ಕೇಂದ್ರಗಳು ಮುಚ್ಚಿಹೋಗಿದ್ದವು.