ಬೈಕಿನ ಕೀಲಿ ಕೊಡುವ ಮುನ್ನ ವಿಮೆಯ ಕಾಗದ ಓದಿ

ಕಾರವಾರದಿಂದ ಅಂಕೋಲೆಗೆ ಹೊರಟ ರಾಷ್ಟ್ರೀಯ ಹೆದ್ದಾರಿ 66 ಬಿಣಗಾ, ಅರ್ಗಾ ದಾಟಿ ಅಮದಳ್ಳಿಯನ್ನು ಹಾಯ್ದು ಮುಂದೆ ಸಾಗುತ್ತದೆ. ಹಿಂದೆ ಇದೇ ರಸ್ತೆಗೆ 17ರ ಸಂಖ್ಯೆ ಇತ್ತು. ಈಗ ಅಗಲವಾದ ಈ ದಾರಿಯಲ್ಲಿ ಗೋವೆಗೆ ಹೋಗುವ ದೊಡ್ಡ ಮೋಟಾರ್ ಸೈಕಲ್ಲುಗಳು ಗುಡುಗಿನಂತೆ ಸದ್ದು ಮಾಡುತ್ತ ಓಡುತ್ತವೆ. ಅವನ್ನು ಕಂಡ ಕಾಲೇಜು ಹುಡುಗರ ಮನಸ್ಸಿನಲ್ಲಿ ಆಸೆ ಮೊಳೆಯುವುದು ಸಹಜ. ಪರೀಕ್ಷೆಯಲ್ಲಿ ಒಳ್ಳೆಯ ಅಂಕ ತಂದರೆ ಬೈಕು ಕೊಡಿಸುವುದಾಗಿ ಮಾತು ಕೊಟ್ಟ ತಂದೆಯರೂ ಕಡಿಮೆಯಿಲ್ಲ.

ಬಣ್ಣ, ಬೆಲೆ, ಮೈಲೇಜುಗಳ ಬಗ್ಗೆ ವಾರಗಟ್ಟಲೆ ಚರ್ಚೆ ನಡೆಯುತ್ತದೆ. ಆದರೆ ವಿಮೆಯ ಮಾತು ಬಂದಾಗ ಮಾತ್ರ ಅಂಗಡಿಯವರು ತೋರಿಸಿದಲ್ಲಿ ಸಹಿ ಹಾಕಿ ಕೈ ತೊಳೆದುಕೊಳ್ಳುವುದೇ ರೂಢಿ. ಆ ಕಾಗದದಲ್ಲಿ ಏನಿದೆ, ಏನಿಲ್ಲ ಎಂಬುದು ತಿಳಿಯುವುದು ಅಪಘಾತವಾದ ಮೇಲೆ!

ಶಕ್ತಿ ಎಷ್ಟು, ದೂರ ಎಷ್ಟು?

ಮನೆಮನೆಯಲ್ಲಿರುವ 100 ಸಿ.ಸಿ. ಬೈಕಿನ ತೂಕ ಸುಮಾರು 112 ಕಿಲೋ, ಶಕ್ತಿ ಸುಮಾರು 8 ಅಶ್ವಶಕ್ತಿ. ರಾಯಲ್ ಎನ್‌ಫೀಲ್ಡ್‌ನ 650 ಸಿ.ಸಿ. ಇಂಟರ್‌ಸೆಪ್ಟರ್ 200 ಕಿಲೋ ಮೀರುತ್ತದೆ. ಅದರ ಶಕ್ತಿ ಸುಮಾರು 47 ಅಶ್ವಶಕ್ತಿ. ತೂಕ ಎರಡು ಪಟ್ಟಿನೊಳಗೇ ಇದ್ದರೂ ಶಕ್ತಿ ಆರು ಪಟ್ಟಿನ ಸಮೀಪ!

ವೇಗ ಇಮ್ಮಡಿಯಾದರೆ ಬ್ರೇಕು ಹಾಕಿದ ಮೇಲೆ ಕ್ರಮಿಸುವ ದೂರ ನಾಲ್ಕು ಪಟ್ಟಾಗುತ್ತದೆ ಎಂಬುದು ಪಿಯುಸಿ ಭೌತಶಾಸ್ತ್ರದ ಪಾಠ. ಗಂಟೆಗೆ 50 ಕಿ.ಮೀ. ವೇಗದಲ್ಲಿರುವ ಬೈಕು ಒಣ ರಸ್ತೆಯಲ್ಲಿ ಸುಮಾರು 28 ಮೀಟರಿನಲ್ಲಿ ನಿಂತರೆ, 100 ಕಿ.ಮೀ. ವೇಗದಲ್ಲಿರುವುದಕ್ಕೆ 80 ಮೀಟರಿಗೂ ಹೆಚ್ಚು ದೂರ ಬೇಕು. ಅಪಾಯ ಕಂಡು ಬ್ರೇಕು ಒತ್ತಲು ಹಿಡಿಯುವ ಒಂದು ಸೆಕೆಂಡಿನಲ್ಲೇ 28 ಮೀಟರು ಹಿಂದೆ ಸರಿದಿರುತ್ತದೆ. ಕರಾವಳಿಯ ಮಳೆಗಾಲದಲ್ಲಿ ಗುಡ್ಡದ ಕೆಮ್ಮಣ್ಣು ರಸ್ತೆಗಿಳಿದರೆ ಈ ಲೆಕ್ಕವೂ ಸಾಲದು. ಬಿಣಗಾ ಬಳಿಯ ಸುರಂಗದ ಕತ್ತಲಿನಿಂದ ಬಿಸಿಲಿಗೆ ಬಂದಾಗ ಕಣ್ಣು ಹೊಂದಿಕೊಳ್ಳಲೂ ಕ್ಷಣಕಾಲ ಬೇಕು.

ಯೂರೋಪಿನ ದೇಶಗಳಲ್ಲಿ ಇದಕ್ಕಾಗಿಯೇ ಮೆಟ್ಟಿಲು ಮೆಟ್ಟಿಲಾಗಿ ಲೈಸೆನ್ಸು ಕೊಡುವ ಪದ್ಧತಿಯಿದೆ. ಮೊದಲು 125 ಸಿ.ಸಿ., ಬಳಿಕ 35 ಕಿಲೋವಾಟ್, ಅಂದರೆ ಸುಮಾರು 47 ಅಶ್ವಶಕ್ತಿಯವರೆಗೆ, ಆಮೇಲಷ್ಟೇ ಅದಕ್ಕೂ ದೊಡ್ಡದು. ನಮ್ಮಲ್ಲಿ ಹಾಗಿಲ್ಲ. 100 ಸಿ.ಸಿ. ಬೈಕಿನಲ್ಲಿ ಎಂಟು ಹಾಕಿ ತೋರಿಸಿ ಗೇರ್ ಬೈಕಿನ ಲೈಸೆನ್ಸು ಪಡೆದ 18ರ ಹುಡುಗ ಮರುದಿನವೇ 650 ಸಿ.ಸಿ. ಏರಬಹುದು. ಕಾನೂನು ಇಡದ ಮೆಟ್ಟಿಲನ್ನು ಮನೆಯವರೇ ಇಡಬೇಕು.

ಎರಡು ಬಗೆಯ ವಿಮೆ

1988ರ ಮೋಟಾರು ವಾಹನ ಕಾಯ್ದೆಯ 146ನೇ ಕಲಮಿನ ಪ್ರಕಾರ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ವಿಮೆ ಇಲ್ಲದೆ ಓಡಿಸಿದರೆ ಮೊದಲ ಸಲ 2,000 ರೂ. ದಂಡ, ಮೂರು ತಿಂಗಳವರೆಗೆ ಸಜೆ, ಅಥವಾ ಎರಡೂ. ಇದರ ಕಂತನ್ನು ಕಂಪನಿಗಳು ಮನಸ್ಸಿಗೆ ಬಂದಂತೆ ನಿಗದಿ ಮಾಡುವಂತಿಲ್ಲ. 2022ರ ಜೂನ್ 1ರಂದು ಜಾರಿಗೆ ಬಂದ ದರಪಟ್ಟಿಯಲ್ಲಿ 75ರಿಂದ 150 ಸಿ.ಸಿ.ವರೆಗೆ ವರ್ಷಕ್ಕೆ 714 ರೂ., 350 ಸಿ.ಸಿ.ವರೆಗೆ 1,366 ರೂ., ಅದಕ್ಕೂ ಮೇಲ್ಪಟ್ಟವಕ್ಕೆ 2,804 ರೂ. ಎಂದು ಗೊತ್ತುಮಾಡಲಾಯಿತು. ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಒಮ್ಮೆಲೇ ಕೊಳ್ಳಬೇಕೆಂಬ ನಿಯಮ 2018ರ ಸೆಪ್ಟೆಂಬರ್ 1ರಿಂದ ಇದೆ.

ಹೆಸರೇ ಹೇಳುವಂತೆ ಈ ವಿಮೆ ಇರುವುದು ಬೇರೆಯವರಿಗಾಗಿ. ದಾರಿಹೋಕನಿಗೆ ಬೈಕು ಬಡಿದರೆ ಕಂಪನಿ ಪರಿಹಾರ ಕೊಡುತ್ತದೆ. ಸ್ವಂತ ಬೈಕು ನುಜ್ಜುಗುಜ್ಜಾದರೆ, ಕಳುವಾದರೆ ಬಿಡಿಗಾಸೂ ಇಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಇದೇ ಹೆದ್ದಾರಿಯ ಮೇಲೆ ಗುಡ್ಡ ಕುಸಿದದ್ದನ್ನು ಯಾರೂ ಮರೆತಿಲ್ಲ. ಭೂಕುಸಿತ, ಪ್ರವಾಹ, ಬೆಂಕಿ, ಕಳ್ಳತನಗಳಿಂದಾಗುವ ನಷ್ಟ ತುಂಬಿಕೊಡುವುದು ಸ್ವಂತ ಹಾನಿಯನ್ನೂ ಒಳಗೊಂಡ ಪ್ಯಾಕೇಜ್ ಪಾಲಿಸಿ ಮಾತ್ರ. ಅದರಲ್ಲೂ ಬೈಕಿನ ಬೆಲೆ ವರ್ಷವರ್ಷಕ್ಕೆ ಇಳಿಯುತ್ತದೆ. ನಾಲ್ಕು ವರ್ಷ ಕಳೆದು ಐದನೆಯದರಲ್ಲಿರುವ ಬೈಕಿಗೆ ಶೇ. 50 ಸವಕಳಿ ಕಳೆದೇ ಲೆಕ್ಕ ಹಿಡಿಯುತ್ತಾರೆ.

ಹಿಂದೆ ಕುಳಿತ ಗೆಳೆಯನ ಗತಿ?

ಬರೀ ಕಡ್ಡಾಯ ವಿಮೆಯ ಪಾಲಿಸಿ ಬೈಕಿನ ಹಿಂಬದಿ ಸವಾರನಿಗೆ ಅನ್ವಯಿಸದೆಂದು ಸುಪ್ರೀಂ ಕೋರ್ಟು 2006ರಲ್ಲಿ ತೀರ್ಪಿತ್ತಿತು. ಪ್ಯಾಕೇಜ್ ಪಾಲಿಸಿ ಇದ್ದರೆ ಅವನಿಗೂ ರಕ್ಷಣೆ ಉಂಟೆಂದು 2009ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಸ್ಪಷ್ಟಪಡಿಸಿತು. ದಿನವೂ ಗೆಳೆಯನನ್ನು ಕೂರಿಸಿಕೊಂಡು ಕಾಲೇಜಿಗೆ ಹೋಗುವವರು ಈ ವ್ಯತ್ಯಾಸವನ್ನು ತಿಳಿದಿರಲೇಬೇಕು.

ಎರವಲು ಬೈಕಿನ ವಿಷಯ ಇನ್ನೂ ಸೂಕ್ಷ್ಮ. ನಮ್ಮದೇ ರಾಜ್ಯದ ಒಂದು ಪ್ರಕರಣ ನೋಡಿ. ಇಳಕಲ್ಲಿನಿಂದ ತನ್ನೂರಾದ ಗುಡೂರಿಗೆ ಹೋಗಲು ಒಬ್ಬಾತ ಬೇರೆಯವರ ಬೈಕು ಪಡೆದು ಹೊರಟ. ಮುಂದೆ ಕಬ್ಬಿಣದ ತಗಡು ಹೇರಿಕೊಂಡು ಹೋಗುತ್ತಿದ್ದ ಎತ್ತಿನ ಗಾಡಿ ಥಟ್ಟನೆ ನಿಂತಿತು. ಬೈಕು ಡಿಕ್ಕಿ ಹೊಡೆಯಿತು. ಆಸ್ಪತ್ರೆಯ ದಾರಿಯಲ್ಲೇ ಆತ ತೀರಿಕೊಂಡ. ಎರವಲು ಪಡೆದವನು ಮಾಲೀಕನ ಸ್ಥಾನದಲ್ಲೇ ನಿಲ್ಲುತ್ತಾನೆ, ಆದ್ದರಿಂದ 163ಎ ಕಲಮಿನಡಿ ಅವನ ಮನೆಯವರಿಗೆ ಪರಿಹಾರ ದೊರೆಯದು ಎಂದು ಸುಪ್ರೀಂ ಕೋರ್ಟು 2009ರಲ್ಲಿ ಹೇಳಿತು. ಬೇರೆ ಕಲಮುಗಳಡಿ ಸಿಗಬಹುದೇ ಎಂದು ನೋಡಲು ಪ್ರಕರಣ ಮತ್ತೆ ಹೈಕೋರ್ಟಿಗೆ ಹೋಯಿತು. ಹೆಂಡತಿ ಮಕ್ಕಳ ಪಾಲಿಗೆ ಮತ್ತೆ ಕಾಯುವಿಕೆ!

ಮಾಲೀಕ-ಸವಾರನಿಗೆ ಕನಿಷ್ಠ 15 ಲಕ್ಷ ರೂ. ವೈಯಕ್ತಿಕ ಅಪಘಾತ ವಿಮೆಯ ವ್ಯವಸ್ಥೆಯಿದೆ. ಆದರೆ ಅದು ನೋಂದಾಯಿತ ಮಾಲೀಕನಿಗೆ ಮಾತ್ರ, ಅದೂ ಲೈಸೆನ್ಸಿದ್ದರೆ. ಬೈಕು ಅಪ್ಪನ ಹೆಸರಿನಲ್ಲಿದ್ದು ಓಡಿಸುವವನು ಮಗನಾದರೆ ಆ ರಕ್ಷಣೆ ಮಗನಿಗಿಲ್ಲ. ಅವನ ಹೆಸರಿನಲ್ಲೇ ಪ್ರತ್ಯೇಕ ಅಪಘಾತ ವಿಮೆ ಮಾಡಿಸುವುದು ಜಾಣತನ.

ಹದಿನೆಂಟು ತುಂಬದವರ ಕೈಗೆ

16 ತುಂಬಿದವರು ಓಡಿಸಬಹುದಾದದ್ದು 50 ಸಿ.ಸಿ. ಮೀರದ ವಾಹನ ಮಾತ್ರ. ಹದಿನೆಂಟರೊಳಗಿನ ಮಕ್ಕಳು ವಾಹನ ಓಡಿಸಿ ಅಪರಾಧವೆಸಗಿದರೆ ಪೋಷಕರಿಗೆ ಅಥವಾ ಮಾಲೀಕರಿಗೆ ಮೂರು ವರ್ಷದವರೆಗೆ ಸಜೆ, 25,000 ರೂ. ದಂಡ ಎಂದು 2019ರ ತಿದ್ದುಪಡಿ ಹೇಳುತ್ತದೆ. ವಾಹನದ ನೋಂದಣಿ 12 ತಿಂಗಳು ರದ್ದಾಗುತ್ತದೆ. ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸು ಸಿಗದು.

'ನನಗೆ ಗೊತ್ತಿಲ್ಲದಂತೆ ಕೀಲಿ ಒಯ್ದ' ಎಂಬ ಸಮಜಾಯಿಷಿ ಹಣದ ಹೊರೆಯನ್ನು ತಪ್ಪಿಸದು. ಹೀಗೆ ಬಂಧುವೊಬ್ಬರ ಬೈಕು ಒಯ್ದ ಹುಡುಗನಿಂದಾದ ಸಾವಿನ ಪ್ರಕರಣ 2011ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದಿತ್ತು. ವಿಮಾ ಕಂಪನಿ ಮೊದಲು ಪರಿಹಾರ ಕೊಟ್ಟು, ಬಳಿಕ ಆ ಮೊತ್ತವನ್ನು ಮಾಲೀಕನಿಂದ ವಸೂಲು ಮಾಡಬಹುದೆಂದು ಕೋರ್ಟು ಒಪ್ಪಿತು. ಲೈಸೆನ್ಸಿಲ್ಲದವನ ಕೈಗೆ ಬೈಕು ಸಿಗದಂತೆ ನೋಡಿಕೊಳ್ಳುವುದು ಮಾಲೀಕನ ಹೊಣೆ.

ಬೈಕು ಕೊಡಿಸಲೇಬೇಕೆಂದಿದ್ದರೆ ಮನೆಯಲ್ಲಿ ಒಂದು ಸಂಜೆ ಎಲ್ಲರೂ ಕೂತು ಪಾಲಿಸಿಯನ್ನು ಗಟ್ಟಿಯಾಗಿ ಓದಲಿ. ಯಾರ ಹೆಸರಿನಲ್ಲಿದೆ, ಪ್ಯಾಕೇಜೋ ಅಲ್ಲವೋ, ಎಂದಿಗೆ ಮುಗಿಯುತ್ತದೆ ಎಂಬ ಮೂರು ಪ್ರಶ್ನೆಗೆ ಮಗನೋ ಮಗಳೋ ಸರಿಯುತ್ತರ ಕೊಡಲಿ. ಹೆಲ್ಮೆಟ್ಟು ಐಎಸ್‌ಐ ಗುರುತಿನದೇ ಇರಲಿ, ಅದರ ಪಟ್ಟಿ ಗದ್ದಕ್ಕೆ ಬಿಗಿಯಾಗಿರಲಿ. ಮೊದಲ ಮಳೆಗಾಲವನ್ನು ಚಿಕ್ಕ ಬೈಕಿನಲ್ಲೇ ಕಳೆಯಲಿ. ವಿಮೆ ತುಂಬಿಕೊಡುವುದು ಹಣವನ್ನಷ್ಟೇ.